ಬ್ಯಾನರಿಗೆ ಯಾವ ವರ್ಷದ ಲಾಂಛನ?

ಮಿಲ್ಪಿಟಾಸ್, ೧೨-೩-೮೬

ಅತ್ತಿಗೆಗೆ ನಮಸ್ಕಾರ. ಮಂಡಿನೋವು ಇಳಿದಿದೆ; ಈಗ ತಲೆನೋವು.

ಪಕ್ಕದ ಮನೆಯಲ್ಲಿ ಪೋರ್ಚುಗೀಸ್ ಮುದುಕ ಡುವಾರ್ಟೆ ಮತ್ತು ಅವರ ಭಾವಮೈದ ಇದ್ದಾರೆ. ಅವರ ದೇಶದ ಟೀವಿಯಲ್ಲಿ ಪ್ರತಿವರ್ಷ ಹಾಡಿನ ಸ್ಪರ್ಧೆಯಂತೆ. ಅದರ ನೆನಪಿಗೆ ಇಲ್ಲಿಯ ಅವರ ಸಂಘದಲ್ಲೂ ಶನಿವಾರ ಹಾಡುತ್ತಾರೆ. ಬ್ಯಾನರಿನ ಮೇಲೆ ಆ ಸ್ಪರ್ಧೆಯ ಲಾಂಛನ ಬರೆಯಲು ನಮ್ಮ ಪದ್ಮಜಾ ನನ್ನನ್ನು ಕೇಳದೆಯೇ ಒಪ್ಪಿಕೊಂಡುಬಿಟ್ಟಳು. "ರಂಗೋಲಿ ಹಾಕೋಳಿಗೆ ಒಂದು ಲೋಗೋ ಏನ್ ಮಹಾ ಅಕ್ಕ? ಪಾಪ, ವಾರವಾರ ನಿಂಬೆಹಣ್ಣು ಕೊಡ್ತಾರೆ."

ಆದರೆ ಆ ಲಾಂಛನ ಎಷ್ಟೋ ಸಲ ಬದಲಾಗಿದೆಯಂತೆ. ಡುವಾರ್ಟೆ ಊರು ಬಿಟ್ಟದ್ದು ಅರವತ್ತೆಂಟರಲ್ಲಿ, ಭಾವಮೈದ ಎಪ್ಪತ್ತೈದರಲ್ಲಿ. ತಾನು ಕೊನೆಯ ಸಲ ಊರಿನಲ್ಲಿ ನೋಡಿದ್ದೇ ನಿಜವಾದದ್ದು ಎಂದು ಇಬ್ಬರಿಗೂ ಹಟ. ಚಿತ್ರ ಯಾರ ಬಳಿಯೂ ಇಲ್ಲ. ಅವರು ನೆನಪಿನಿಂದ ಹೇಳುತ್ತಾರೆ, ನಾನು ಬರೆದು ಅಳಿಸುತ್ತೇನೆ. ಸೋಮವಾರದಿಂದ ತಮ್ಮತಮ್ಮಲ್ಲಿ ಮಾತು ಬಿಟ್ಟು ಎಲ್ಲವನ್ನೂ ನನಗೇ ಹೇಳುತ್ತಿದ್ದಾರೆ. ನೀವು ಕೊಟ್ಟ ಅನುವಾದದ ಕಾದಂಬರಿಯಲ್ಲಿ ಪೋರ್ಚುಗೀಸರು ಎಷ್ಟು ಮಿತಭಾಷಿಗಳು!

ನಿನ್ನೆ ಸಾಕಾಗಿ ಬಟ್ಟೆಯ ಎರಡು ಬದಿಗೂ ಒಂದೊಂದು ಬರೆದುಕೊಟ್ಟೆ. ಈಗ ಇಬ್ಬರಿಗೂ ಮಾತು ಬಂದಿದೆ: ರಸ್ತೆಯ ಕಡೆಗೆ ಯಾವ ಬದಿ ಎಂದು ಜಗಳ.

ಯಾರೋ ಬಾಗಿಲು ತಟ್ಟಿದರು. ಕಿಟಕಿಯಿಂದ ನೋಡಿದೆ. ಇಬ್ಬರೂ ಒಟ್ಟಿಗೇ ನಗುತ್ತ ನಿಂತಿದ್ದಾರೆ. ಒಬ್ಬರ ಕೈಯಲ್ಲಿ ಬುಟ್ಟಿ ತುಂಬ ನಿಂಬೆಹಣ್ಣು, ಇನ್ನೊಬ್ಬರ ಕೈಯಲ್ಲಿ ಹೊಸ ಬಿಳಿ ಬಟ್ಟೆ.

ಸತ್ಯವತಿ