ವರ್ಷಕ್ಕೊಂದು ವಾರ

ಅಕ್ಕ,

ಬೈಯುವುದಾದರೆ ಪೂರ್ತಿ ಓದಿದ ಮೇಲೆ ಬೈಯಿ. ಸಮುದ್ರದ ದಡದ ರೆಸಾರ್ಟೊಂದರಲ್ಲಿ ಟೈಮ್‌ಶೇರ್ ಕೊಂಡಿದ್ದೇನೆ. ಅಲ್ಲಿನ ಒಂದು ಮನೆ ಪ್ರತಿ ವರ್ಷ ಒಂದು ವಾರ ನಮ್ಮದು.

ಕಣ್ಣು ಮುಚ್ಚಿಕೊಂಡು ಸಹಿ ಹಾಕಲಿಲ್ಲ. ನಮ್ಮ ಯಜಮಾನರು ಅಡುಗೆಮನೆಯಲ್ಲೇ ಕುಳಿತು ಲೆಕ್ಕ ಹಾಕಿದರು. ನಾವು ಹೋಗಲಿ ಬಿಡಲಿ, ನಿರ್ವಹಣೆಯ ಹಣ ವರ್ಷವರ್ಷವೂ ಕಟ್ಟಬೇಕು. ಮಾರಲು ಹೊರಟರೆ ಕೊಳ್ಳುವವರು ಸಿಗುವುದಿಲ್ಲ. ಹೋಟೆಲಿನಲ್ಲಿ ಉಳಿದರೆ ಇದಕ್ಕಿಂತ ಅಗ್ಗ.

"ಅದೆಲ್ಲಾ ಹೋಗ್ಲಿ, ವಾರ ಬದಲಾಯಿಸೋ ಹಾಗೂ ಇಲ್ವಲ್ಲೇ. ಆ ವಾರ ಹೋಗದಿದ್ರೆ ದುಡ್ಡು ನೀರುಪಾಲು," ಎಂದರು.

"ಅದಕ್ಕೇ ತಗೊಳ್ತಿರೋದು," ಎಂದೆ.

ನಿನಗೆ ಆಸ್ಪತ್ರೆಯ ಪಾಳಿ, ನನಗೆ ಹೊಲಿಗೆ ಅಂಗಡಿ. ಫೋನಿನಲ್ಲಿ "ಮುಂದಿನ ವರ್ಷ ಖಂಡಿತ" ಎನ್ನುತ್ತಲೇ ಇಬ್ಬರ ತಲೆಯೂ ನರೆಯಿತು. ಕೊನೆಗೆ ಸೇರಿದ್ದು ಅಮ್ಮ ಹೋದಾಗ. ಆಗಲೂ ನೀನು ಬಂದವರಿಗೆ ಕಾಫಿ ಕೊಡುತ್ತಿದ್ದೆ, ನಾನು ಲೋಟ ತೊಳೆಯುತ್ತಿದ್ದೆ. ಜೊತೆಯಲ್ಲಿ ಕುಳಿತು ಅಳುವುದಕ್ಕೂ ಬಿಡುವಾಗಲಿಲ್ಲ.

ಇದನ್ನು ಹೇಳಿದಾಗ ಇವರು ಲೆಕ್ಕದ ಹಾಳೆ ಮಡಚಿಟ್ಟು, "ಹಾಗಾದ್ರೆ ನಿಮ್ಮಕ್ಕನ ಹೆಸರನ್ನೂ ಸೇರಿಸು," ಎಂದರು. ಸೇರಿಸಿದ್ದೇನೆ. ಕಾಗದ ಇದರ ಜೊತೆಗಿದೆ. ಪೆನ್ಸಿಲ್ ಗುರುತಿರುವ ಕಡೆ ಸಹಿ ಮಾಡಿ ಕಳಿಸು. ಹಣದ ಮಾತು ಎತ್ತಬೇಡ. ನಮ್ಮ ವಾರದ ತಾರೀಖು ಆ ಕಾಗದದಲ್ಲೇ ಇದೆ, ರಜೆಗೆ ಮಾತ್ರ ಈಗಲೇ ಬರೆದುಕೊಡು.

ಅಲ್ಲಿ ಎರಡು ಕೋಣೆಗಳಿವೆ. ಒಂದರಲ್ಲಿ ಇವರು ಹಾಯಾಗಿ ಗೊರಕೆ ಹೊಡೆಯಲಿ, ಇನ್ನೊಂದು ನಮ್ಮಿಬ್ಬರದು. ಕಿಟಕಿ ಪಕ್ಕದ ಮಂಚ ನನಗೇ ಬೇಕು. ಆಮೇಲೆ ದೊಡ್ಡವಳೆಂದು ಜಗಳ ತೆಗೆಯಬೇಡ.

ಈ ಸಲ ಯಾವ ನೆಪಕ್ಕೂ ಕಿವಿಗೊಡದ,
ನಿನ್ನ ತಂಗಿ