ಮೊದಲು ಸೂಜಿ, ಆಮೇಲೆ ಗಡಿ

ಜಾರ್ಜ್‌ಟೌನ್, ಪೆನಾಂಗ್
9 ಏಪ್ರಿಲ್ 2012, ಸೋಮವಾರ

ಮುದ್ದು ಸ್ವೀ ಪೆಂಗ್,

ಚೆನ್ನಾಗಿದ್ದೀಯಾ ತಾಯಿ? ನಿನ್ನ ಪ್ರಶ್ನೆಗಳ ಪಟ್ಟಿ ಬಂದು ಹನ್ನೊಂದು ದಿನವಾಯಿತು. ತಡ ಮಾಡಿದ್ದಕ್ಕೆ ಬೈಯಬೇಡ. ನಾಲ್ಕನೇ ನಂಬರ್ ರೂಮಿನ ನಲ್ಲಿ ಒಡೆದು ಕೆಳಗಿನ ಹಾಸಿಗೆಗಳೆಲ್ಲ ನೆಂದವು, ಅದರ ಹಿಂದೆಯೇ ಹಿರಿಯರ ಹಬ್ಬ ಚೆಂಗ್ ಬೆಂಗ್ ಬಂತು, ಗೋರಿ ತೊಳೆಯಲು ಎರಡು ದಿನ ಹೋಯಿತು. ಇದೆಲ್ಲ ನೆಪ. ನಿಜ ಹೇಳಬೇಕೆಂದರೆ ಎರಡು ಸಲ ಬರೆದು ಹರಿದು ಹಾಕಿದೆ. ಇದು ಮೂರನೆಯದು.

ಫೋನ್ ಮಾಡಿದ್ದರೆ ಆಗುತ್ತಿರಲಿಲ್ಲವೇ ಎಂದು ನೀನು ಮೂತಿ ತಿರುಗಿಸುವುದು ಇಲ್ಲಿಗೇ ಕಾಣುತ್ತಿದೆ. ನನ್ನ ಲಾಡ್ಜಿನ ಮೆಟ್ಟಿಲ ಪಕ್ಕದ ಬೋರ್ಡು ನೆನಪಿದೆಯಲ್ಲ, "ವೀಸಾ ವಿಷಯ, ಕಾಯಿಲೆ ವಿಷಯ ಫೋನಿನಲ್ಲಿ ಕೇಳಬೇಡಿ" ಅಂತ? ಚಿಕ್ಕವಳಿದ್ದಾಗ ನೀನು ಅದನ್ನು ಓದಿ ಓದಿ ನಗುತ್ತಿದ್ದೆ. ಹದಿನಾರು ವರ್ಷದಿಂದ ಅದು ಅಲ್ಲೇ ಇದೆ. ಸ್ವಂತ ಅಕ್ಕನ ಮಗಳಿಗೂ ಅದೇ ನಿಯಮ. ಎದುರು ಕೂತು ಕೇಳು, ಇಲ್ಲವೇ ಕಾಗದ ಬರೆ.

ಆದರೂ ನೀನು ಹೋದ ಬುಧವಾರ ಫೋನ್ ಮಾಡಿದೆ. ನಾನು ಕೇಳಿದ್ದು ಒಂದೇ ಮಾತು, "ಹುಚ್ಚುನಾಯಿ ಇಂಜೆಕ್ಷನ್ ಆಯ್ತೇನೇ?" ಅಂತ. ನೀನು ಹೇಳಿದ್ದು ಅಕ್ಷರ ಬಿಡದೆ ನೆನಪಿದೆ. "ಅಯ್ಯೋ ಚಿಕ್ಕಮ್ಮ, ಅದಕ್ಕೆ ಮೂರು ವಾರ ಬೇಕಂತೆ. ಇಪ್ಪತ್ತನೇ ತಾರೀಕಿಗೆ ಟ್ರೈನ್ ಟಿಕೆಟ್ ಆಗೋಗಿದೆ, ಇಂಡಿಯಾ ವೀಸಾ ಬೇರೆ ಓಡ್ತಾ ಇದೆ. ನಾನೇನು ನಾಯಿ ಹಿಂದೆ ಓಡಾಡೋಕೆ ಹೋಗ್ತೀನಾ? ಅದೊಂದು ಬಿಟ್ಟು ಉಳಿದಿದ್ದೆಲ್ಲ ಹಾಕಿಸ್ಕೊಂಡಿದೀನಿ." ನಾನು ಫೋನ್ ಇಟ್ಟುಬಿಟ್ಟೆ. ಕೋಪಕ್ಕಲ್ಲ ಕಣೇ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಮೂವತ್ತು ವರ್ಷದಿಂದ ಊರವರಿಗೆಲ್ಲ ಹೇಳುತ್ತಿರುವುದನ್ನು ನಿನಗೆ ಹೇಳದಿರುತ್ತೇನೆಯೇ?

ಪಾಠ ಹೇಳುವ ಕೆಲಸಕ್ಕೆ ಒಂದು ವರ್ಷ ರಜೆ ಹಾಕಿದ್ದು ಒಳ್ಳೆಯದೇ ಆಯಿತು. ಆದರೆ ಇಂಡಿಯಾ ವೀಸಾವನ್ನು ಮಾರ್ಚ್ ಕೊನೆಗೇ ತೆಗೆಸಿಕೊಂಡೆಯಲ್ಲ, ಅಲ್ಲಿ ಎಡವಿದೆ. ಅದು ನೀನು ಕಾಲಿಟ್ಟ ದಿನದಿಂದ ಲೆಕ್ಕವಲ್ಲ, ಅವರು ಕೊಟ್ಟ ದಿನದಿಂದಲೇ ಲೆಕ್ಕ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಮ್, ನೇಪಾಳ ಎಲ್ಲ ಮುಗಿಸಿ ಇಂಡಿಯಾ ಮುಟ್ಟುವ ಹೊತ್ತಿಗೆ ನಿನ್ನ ಆರು ತಿಂಗಳಲ್ಲಿ ಉಳಿಯುವುದು ಬರೀ ನಾಲ್ಕೈದು ವಾರ. ಅದಕ್ಕೇ ನಿನಗೆ ಈ ಅವಸರ ಹತ್ತಿದೆ. ಹೋದರೆ ಹೋಗಲಿ, ಇನ್ನೊಂದು ತೆಗೆಸೋಣ, ವೀಸಾ ಏನು ಜೀವವೇ?

ಥಾಯ್ಲೆಂಡಿನಲ್ಲಿ ನಮ್ಮ ಪಾಸ್‌ಪೋರ್ಟಿಗೆ ಮೂವತ್ತು ದಿನ. ಬಂದ ದಿನವೂ ಒಂದು ದಿನವೇ, ರಾತ್ರಿ ಹನ್ನೊಂದಕ್ಕೆ ಗಡಿ ದಾಟಿದರೂ ಅದು ಒಂದು ದಿನವೇ. ಇದನ್ನು ಎಷ್ಟು ಜನ ಮರೆತು ನನ್ನ ಮುಂದೆ ಅತ್ತಿಲ್ಲ! ಲಾವೋಸಿಗೂ ವಿಯೆಟ್ನಾಮಿಗೂ ನಮಗೆ ತೊಂದರೆಯಿಲ್ಲ. ನೇಪಾಳದಲ್ಲಿ ಇಳಿದ ಮೇಲೆ ಅಲ್ಲೇ ಕೊಡುತ್ತಾರೆ, ಚಿಕ್ಕ ಫೋಟೋ ಇಟ್ಟುಕೊ, ಒಂದು ಡಜನ್ ಇಟ್ಟುಕೊ. ಪಾಸ್‌ಪೋರ್ಟಿನಲ್ಲಿ ಖಾಲಿ ಹಾಳೆ ಎಣಿಸಿದೆಯಾ? ನಕಲು ಒಂದು ಚೀಲದಲ್ಲಿ, ಇನ್ನೊಂದು ನಿನ್ನಮ್ಮನ ಹತ್ತಿರ, ಇನ್ನೊಂದು ನನ್ನ ಹತ್ತಿರ ಇರಲಿ.

ಟೈಫಾಯ್ಡ್, ಕಾಮಾಲೆ, ಮಿದುಳು ಜ್ವರದ್ದು ಆಯಿತು ಅಂದೆ, ಸಂತೋಷ. ಯಾವ ದಿನ ಯಾವುದು ಹಾಕಿದರು ಅನ್ನುವ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗೇ ಇಡು. ಮಲೇರಿಯಾ ಮಾತ್ರೆ ಎಲ್ಲ ಕಡೆ ಬೇಡ, ಲಾವೋಸಿನ ಕಾಡುಗಳ ಕಡೆ ಹೋದರೆ ಮಾತ್ರ, ಅದೂ ಡಾಕ್ಟರನ್ನು ಕೇಳಿ. ಅಲ್ಲಿಂದ ಹೊರಟ ಮೇಲೂ ನುಂಗುತ್ತಿರಬೇಕು, ಕಾಡು ಮುಗಿಯಿತೆಂದು ಬಿಸಾಡುವಂತಿಲ್ಲ. ಡೆಂಗಿ ಸೊಳ್ಳೆ ಹಗಲೇ ಕಚ್ಚುತ್ತದೆ, ಅದನ್ನು ನಮ್ಮೂರಿನವರಿಗೆ ನಾನು ಹೇಳಬೇಕಾಗಿಲ್ಲ. ಐಸ್ ಹಾಕಿದ್ದನ್ನು ಕುಡಿಯಬೇಡ ಎಂದರೆ ನೀನು ಕೇಳುವವಳಲ್ಲ. ಹೊಟ್ಟೆ ಕೆಟ್ಟಾಗ ಉಪ್ಪು ಸಕ್ಕರೆ ನೀರನ್ನಾದರೂ ಕುಡಿ.

ಬರೆಯುತ್ತಾ ಕೂತಿದ್ದಾಗ ಟೋರ್ ಕೆಳಗೆ ಬಂದ. ನಿನಗೆ ಪೀಪಿ ಊದಲು ಕಲಿಸಿದ ಆ ನಾರ್ವೆಯ ಮುದುಕ. ಇಪ್ಪತ್ತು ವರ್ಷದಿಂದಲೂ ಥಾಯ್ ವೀಸಾಕ್ಕೆಂದು ಬರುತ್ತಾನೆ, ನನ್ನ ಕಾಫಿ ಕುಡಿದು ನನ್ನನ್ನೇ ಆಡಿಕೊಂಡು ಹೋಗುತ್ತಾನೆ. "ಯಾರಿಗೆ ಇಷ್ಟುದ್ದ ಉಪದೇಶ?" ಅಂದ. ನಿನಗೆ ಅಂದೆ. "ಬೀ ಗೆಯೋಕ್, ನೀನು ಜನ್ಮದಲ್ಲಿ ದಾಟಿರೋ ದೊಡ್ಡ ಗಡಿ ಅಂದ್ರೆ ಇಲ್ಲೇ ಆಚೆ ದಡದ ಬಟರ್‌ವರ್ತ್ ದೋಣಿ. ನೀನು ಅವಳಿಗೆ ದಾರಿ ಹೇಳ್ತೀಯಾ?" ಅಂತ ನಕ್ಕ. ಬಾಯಿ ಮುಚ್ಕೊಂಡು ಕಾಫಿ ಕುಡಿ ಅಂದೆ. ಆಮೇಲೆ ಅವನು ಸುಮ್ಮನಿರದೆ ಇನ್ನೊಂದು ಮಾತು ಹೇಳಿದ. "ಮೊದ್ಲೆಲ್ಲ ನೀನು ಇಮಿಗ್ರೇಷನ್‌ನವರಿಗಿಂತ ಬಿಗಿ ಇದ್ದೆ. ಒಂದು ದಿನ ಮೀರಿದ್ರೂ ನಮ್ಮನ್ನ ಒಳಗೆ ಸೇರಿಸ್ತಿರ್ಲಿಲ್ಲ. ಈಗ ಯಾರು ಕೇಳಿದ್ರೂ 'ಮೀರಲಿ ಬಿಡು, ದಂಡ ಕಟ್ಟಿದ್ರಾಯ್ತು' ಅಂತೀಯ. ವಯಸ್ಸಾಯ್ತಾ?" ಹೌದಪ್ಪ, ವಯಸ್ಸಾಯಿತು ಅಂದೆ.

ಈಗ ಚೆಂಗ್ ಬೆಂಗ್ ವಿಷಯ. ನೀನು ಬರಲಿಲ್ಲ. ಶಾಲೆಗೆ ರಜೆಯಿಲ್ಲ ಅಂದೆ, ಇರಲಿ. ಆದರೆ ನಮ್ಮಲ್ಲಿ ಹಿರಿಯರು ಕಿರಿಯರಿಗೆ ಊದಿನಕಡ್ಡಿ ಹಿಡಿಯುವಂತಿಲ್ಲವಲ್ಲ. ನಿನ್ನ ಅಣ್ಣನಿಗೆ ಪ್ರತಿವರ್ಷ ಕಡ್ಡಿ ಹಚ್ಚುತ್ತಿದ್ದವಳು ನೀನೊಬ್ಬಳೇ. ಈ ಸಲ ಹುಲ್ಲು ಕಿತ್ತು, ಅಕ್ಷರಗಳಿಗೆ ಕೆಂಪು ಬಣ್ಣ ಬಳಿದು, ಅವನಿಗಿಷ್ಟ ಅಂತ ಹುರಿದ ಕ್ವೇ ತಿಯೌ ನೂಡಲ್ಸ್ ಪೊಟ್ಟಣ ಬಿಚ್ಚಿಟ್ಟೆ. ಕಡ್ಡಿ ಕಟ್ಟು ಹಾಗೇ ಉಳಿಯಿತು. ನಿನ್ನಮ್ಮ ದೂರದಲ್ಲಿ ಮಡಿಚುವ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು. ಹೆತ್ತವಳು ಮಗನ ಗೋರಿಗೆ ಮುಖ ಕೊಡಬಾರದಂತೆ. ಎಂಥ ಶಾಸ್ತ್ರವೋ!

ಪ್ರತಿವರ್ಷದ ಹಾಗೆ ಅವಳು ಅದೇ ಮಾತು ಹೇಳಿದಳು. "ಬಾಯಿ ಬಿಟ್ಟು ಒಬ್ಬರ ಹತ್ರ ಹೇಳಿದ್ರೆ ಸಾಕಿತ್ತು ಬೀ. ಒಬ್ಬರ ಹತ್ರ! ನನಗೆ ಬೇಡ, ನಿನಗಾದ್ರೂ ಒಂದು ಫೋನ್ ಮಾಡಿದ್ರೆ ನೀನು ಕೂಡಲೇ ಆಸ್ಪತ್ರೆಗೆ ಓಡ್ಸಿರ್ತಿದ್ದೆ. ನನ್ನ ಮಗ ಇರ್ತಿದ್ದ. ಅಷ್ಟು ಮೊಂಡ ಅವನು, ಯಾರಿಗೂ ಹೇಳ್ಲಿಲ್ಲ." ನಾನು ಬಣ್ಣದ ಕುಂಚ ತೊಳೆಯುತ್ತಿದ್ದೆ.

ಆಗ ನಿನಗೆ ಹನ್ನೊಂದು ವರ್ಷ, ನಿನಗೆ ಎಷ್ಟು ತಿಳಿಸಿದ್ದಾರೋ ನನಗೆ ಗೊತ್ತಿಲ್ಲ. ನಿನ್ನ ಅಣ್ಣ ಕೀನ್ ಹುವಾತ್ ಇಪ್ಪತ್ಮೂರರ ಹುಡುಗ, ಒಂದು ವರ್ಷ ಏಷ್ಯಾ ಸುತ್ತಿ ಬರುತ್ತೇನೆಂದು ನನ್ನ ಲಾಡ್ಜಿನಿಂದಲೇ ಹೊರಟ. ವೀಸಾ ಪಟ್ಟಿ ಬರೆದುಕೊಟ್ಟವಳು ನಾನೇ. ಉತ್ತರ ಥಾಯ್ಲೆಂಡಿನ ಚಿಯಾಂಗ್ ಖೋಂಗ್‌ನಲ್ಲಿ ಒಂದು ನಾಯಿಮರಿ ಅವನ ಹಿಮ್ಮಡಿಗೆ ಹಲ್ಲು ತಾಗಿಸಿತು. ಅವನು ನದಿ ದಾಟಿ ಲಾವೋಸಿಗೆ ಹೋದ. ಏಳು ವಾರ ಏನೂ ಇಲ್ಲ, ಚೆನ್ನಾಗಿ ತಿಂದು ತಿರುಗಿದ, ನಿನಗೆ ಆನೆ ಚಿತ್ರದ ಕಾರ್ಡು ಕಳಿಸಿದ. ಎಂಟನೇ ವಾರ ವಿಯೆಂಟಿಯಾನಿನಲ್ಲಿ ನೀರಿನ ಲೋಟ ನೋಡಿದರೆ ಗಂಟಲು ಕಟ್ಟತೊಡಗಿತು. ಆ ರೋಗ ಹೊರಗೆ ಬಂದ ಮೇಲೆ ಯಾವ ಡಾಕ್ಟರಿಂದಲೂ ಏನೂ ಆಗುವುದಿಲ್ಲ. ನಿನ್ನಮ್ಮ ತಲುಪುವ ಹೊತ್ತಿಗೆ ಮುಗಿದುಹೋಗಿತ್ತು. ನಾಯಿಮರಿಯ ವಿಷಯ ಅವನೇ ಕೊನೆಗೆ ಅಲ್ಲಿನ ಡಾಕ್ಟರಿಗೆ ಹೇಳಿದನಂತೆ, ಅವರಿಂದ ನಮಗೆ ತಿಳಿಯಿತು.

ಅದಕ್ಕೇ ಹೇಳುತ್ತಿದ್ದೇನೆ ಸ್ವೀ ಪೆಂಗ್. ನಾಯಿ ಹಿಂದೆ ನೀನು ಹೋಗುವುದಿಲ್ಲ, ಒಪ್ಪಿದೆ. ಅವನೂ ಹೋಗಿರಲಿಲ್ಲ. ನಮ್ಮ ದ್ವೀಪದಲ್ಲಿ ಆ ರೋಗವನ್ನು ಕಣ್ಣಾರೆ ಕಂಡವರೇ ಇಲ್ಲ. ಬೀದಿ ನಾಯಿ ಪರಚಿದರೆ ಔಷಧಿ ಎಣ್ಣೆ ತಿಕ್ಕಿ, ಬೈದು, ಮರೆತುಬಿಡುತ್ತೇವೆ. ಆ ಅಭ್ಯಾಸವನ್ನು ಗಡಿಯಾಚೆಗೂ ಹೊತ್ತುಕೊಂಡು ಹೋಗುತ್ತೇವೆ. ಆ ಎಣ್ಣೆಯ ಹಸಿರು ಬಾಟಲಿ ನನ್ನ ಮನೆಯಲ್ಲಿ ಯಾಕಿಲ್ಲ ಎಂದು ನೀನು ಒಂದು ಸಲ ಕೇಳಿದ್ದೆ. ಆಗ ವಾಸನೆ ಆಗದು ಅಂತ ಹೇಳಿ ಜಾರಿಕೊಂಡೆ.

ನಾನು ಕ್ಲಿನಿಕ್ಕಿನ ನರ್ಸಮ್ಮ ಪರಮೇಶ್ವರಿಯ ಹತ್ತಿರ ಮಾತಾಡಿ ನಿನ್ನ ಹೆಸರು ಬರೆಸಿದ್ದೇನೆ. ಮೊದಲನೇ ಸೂಜಿ ಹದಿನಾರನೇ ತಾರೀಕು ಸೋಮವಾರ, ಎರಡನೆಯದು ಇಪ್ಪತ್ಮೂರಕ್ಕೆ, ಮೂರನೆಯದು ಮೇ ಏಳಕ್ಕೆ. "ನಿಮ್ಮ ಹುಡುಗಿ ಬರ್ತಾಳೋ ಇಲ್ವೋ? ಔಷಧಿ ತರಿಸಿ ಇಟ್ಟಿರ್ಬೇಕಲ್ಲ" ಅಂದಳು. ಬರುತ್ತಾಳೆ ಅಂದೆ. ಮೇ ಎಂಟಕ್ಕೆ ನಾನೇ ದೋಣಿ ಹತ್ತಿ ಬಟರ್‌ವರ್ತ್ ಸ್ಟೇಷನ್ನಿಗೆ ಬಂದು ನಿನ್ನನ್ನು ರೈಲು ಹತ್ತಿಸುತ್ತೇನೆ. ಅಷ್ಟು ದಿನ ನನ್ನ ಹತ್ತಿರವೇ ಇರು, ಮೇಲಿನ ಕಿಟಕಿ ರೂಮು ಖಾಲಿ ಮಾಡಿಸಿದ್ದೇನೆ.

ಮೂರೂ ಹಾಕಿಸಿಕೊಂಡ ಮೇಲೂ ನಾಯಿಯೋ ಕೋತಿಯೋ ಬೆಕ್ಕೋ ಕಚ್ಚಿದರೆ, ಪರಚಿದರೆ, ಸೋಪು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆ. ಅವತ್ತೇ ಆಸ್ಪತ್ರೆಗೆ ಹೋಗು, ಇನ್ನೆರಡು ಸೂಜಿ ಬೇಕಾಗುತ್ತದೆ. ವೀಸಾ ಮುಗಿಯುವ ದಿನವೇ ಆಗಿರಲಿ, ಬಸ್ಸು ಹೊರಟು ನಿಂತಿರಲಿ, ಮೊದಲು ಸೂಜಿ, ಆಮೇಲೆ ಗಡಿ. ಯಾರನ್ನೂ ಫೋನ್ ಮಾಡಿ ಕೇಳಬೇಡ. ನನ್ನನ್ನಂತೂ ಕೇಳಲೇಬೇಡ.

ನಿನ್ನಮ್ಮ ನಿನ್ನನ್ನು ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ನಾನು ನಿನ್ನ ಪರ. ಹೋಗಿ ಬಾ. ನೋಡಬೇಕಾದ್ದನ್ನೆಲ್ಲ ನೋಡು, ಅವನು ನೋಡದೆ ಬಿಟ್ಟಿದ್ದನ್ನೂ ನೋಡು. ಕುವಾನ್ ಇಮ್ ತಾಯಿಯ ಗುಡಿಯಲ್ಲಿ ನಿನ್ನ ಹೆಸರಿಗೆ ದೀಪ ಹಚ್ಚಿಸಿದ್ದೇನೆ, ವರ್ಷವಿಡೀ ಉರಿಯುತ್ತದೆ. ಹೊಟ್ಟೆ ತುಂಬ ತಿನ್ನು, ಕಾಲು ತುಂಬ ತಿರುಗು, ನೆಟ್ಟಗೆ ಮನೆಗೆ ಬಾ.

ನಿನ್ನ ಪ್ರೀತಿಯ ಚಿಕ್ಕಮ್ಮ,
ಬೀ ಗೆಯೋಕ್

ಮರೆತಿದ್ದು: ಮರೆತದ್ದಲ್ಲ. ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ಎರಡು ಸಲ ಹರಿದದ್ದು ಇಲ್ಲಿಗೆ ಬಂದಾಗಲೇ.

ನಿನ್ನ ಅಣ್ಣ ಹೇಳಿದ್ದ. ನನಗೆ ಹೇಳಿದ್ದ.

ಚಿಯಾಂಗ್ ಖೋಂಗ್‌ನ ಅಂಚೆ ಕಚೇರಿಯಿಂದ ಫೋನ್ ಮಾಡಿದ. ಮಧ್ಯಾಹ್ನ ಎರಡು ಗಂಟೆ, ನಾನು ಹಾಸಿಗೆ ಬಟ್ಟೆ ಮಡಿಚುತ್ತಿದ್ದೆ. "ಚಿಕ್ಕಮ್ಮ, ಒಂದು ನಾಯಿಮರಿ ಕಚ್ತು, ಸ್ವಲ್ಪ ರಕ್ತ ಬಂತು. ಇಲ್ಲಿ ಆಸ್ಪತ್ರೆಯೋರು ಐದು ಸೂಜಿ ಅಂತಾರೆ, ತಿಂಗಳು ಹಿಡಿಯುತ್ತಂತೆ. ನಾಳೆಗೆ ನನ್ನ ಮೂವತ್ತು ದಿನ ಮುಗಿಯುತ್ತೆ. ಏನ್ ಮಾಡ್ಲಿ?" ಅಂದ. ನನ್ನ ಲಾಡ್ಜಿನಿಂದ ಹೋದವರು ಯಾರೂ ಒಂದು ದಿನವೂ ಮೀರಿದವರಲ್ಲ ಅನ್ನುವ ಜಂಬ ಆಗ ನನಗೆ. ನಾನು ನಕ್ಕೆ. "ಮರಿ ತಾನೆ? ಎಣ್ಣೆ ಹಚ್ಚು. ಪಾಸ್‌ಪೋರ್ಟಿಗೆ ಕಪ್ಪು ಚುಕ್ಕೆ ಬಿದ್ರೆ ಮುಂದೆ ಎಲ್ಲಾ ಕಡೆ ರಗಳೆ. ಮೊದಲು ಗಡಿ ದಾಟು" ಅಂದೆ. ಅವನೂ ನಕ್ಕ. "ನೀನು ಹೇಳಿದ್ಮೇಲೆ ಮುಗೀತು ಬಿಡು" ಅಂದ.

ಡಾಕ್ಟರಿಗೆ ನಾಯಿಮರಿಯ ವಿಷಯ ಹೇಳಿದವನು ನನ್ನ ಹೆಸರು ಹೇಳಲಿಲ್ಲ. ಹದಿನಾರು ವರ್ಷ ನಿನ್ನಮ್ಮ ಅವನನ್ನು ಮೊಂಡ ಅನ್ನುತ್ತಾ ಬಂದಳು, ನಾನು ಕೇಳಿಸಿಕೊಳ್ಳುತ್ತಾ ಬಂದೆ. ಹದಿನಾರನೇ ತಾರೀಕು ನಿನಗೆ ಮೊದಲನೇ ಸೂಜಿ ಆದ ಮೇಲೆ ಅವಳ ಮನೆಗೆ ಹೋಗಿ ನಾನೇ ಹೇಳುತ್ತೇನೆ. ನೀನು ಬರದಿದ್ದರೂ ಅವತ್ತು ಹೋಗಿ ಹೇಳುತ್ತೇನೆ.

ಇನ್ನು ಮುಂದೆ ನನ್ನನ್ನು ಚಿಕ್ಕಮ್ಮ ಅನ್ನುವುದು ಬಿಡುವುದು ನಿನಗೆ ಸೇರಿದ್ದು. ನನ್ನ ಮುಖ ನೋಡಬೇಡ, ಮೇಲಿನ ರೂಮಿನಲ್ಲಿ ಇರಬೇಡ, ಬೇರೆ ಎಲ್ಲಾದರೂ ಇರು. ಸೂಜಿ ಮಾತ್ರ ಹಾಕಿಸಿಕೊ.