ಕೀ ಸ್ಟಾಫ್ ರೂಮಿನಲ್ಲಿ ಉಂಟು

ಜೂನ್ 18, ಸಂಜೆ

ಇವತ್ತೂ ಪೆರಾಬೆ ಪಂಚಾಯತಿನಲ್ಲಿ ಮೀಟಿಂಗ್. ಬರುತ್ತೇವೆ ಎಂದವರು ಹತ್ತಿಪ್ಪತ್ತು ಜನ, ಬಂದವರು ಐವರು. ಹಾಲ್‌ನ ಫ್ಯಾನ್ ತಿರುಗಲಿಲ್ಲ. ‘ಯುವಜನರೇ ಸಂಶೋಧಕರು’ ಬ್ಯಾನರ್ ಕಟ್ಟಿದೆ. ಒಂದು ಮೂಲೆ ಬಿಚ್ಚಿ ಬಿತ್ತು. ಮತ್ತೆ ಕಟ್ಟಲಿಲ್ಲ.

ರಕ್ತಹೀನತೆ ಸರ್ವೆಯ ಪ್ರಶ್ನೆಗಳನ್ನು ಓದಿಸಿದೆ. ಸೊಪ್ಪು ತಿನ್ನುತ್ತೀರಾ, ವಾರಕ್ಕೆ ಎಷ್ಟು ಸಲ... ಮಕ್ಕಳು ಆಕಳಿಸಿದರು. ನಾನೂ. ಈ ಕೆಲಸದಲ್ಲಿ ಇದು ನಾಲ್ಕನೆಯ ಪ್ರಾಜೆಕ್ಟ್. ಬ್ಯಾನರ್ ಬದಲಾಗುತ್ತದೆ, ಆಕಳಿಕೆ ಅದೇ.

ಮುಗಿಯುವ ಹೊತ್ತಿಗೆ ಒಬ್ಬಳು ಕೈ ಎತ್ತಿದಳು. ಪ್ರಣೀತಾ. ಸೆಕೆಂಡ್ ಪಿಯುಸಿ, ಪುತ್ತೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವವಳು.

“ಶಾಂಭವಿ ಅಕ್ಕ, ಈ ಪ್ರಶ್ನೆ ಎಲ್ಲ ಯಾರು ಬರೆದದ್ದು?”

“ನಮ್ಮ ಸಂಸ್ಥೆಯ ಪುತ್ತೂರು ಆಫೀಸಲ್ಲಿ.”

“ನಮ್ಮಲ್ಲಿ ಕೇಳಿದ್ರೆ ಬೇರೆ ಹೇಳ್ತಿದ್ದೆವು.”

ಎಂತ, ಎಂದೆ. ಪಕ್ಕದಲ್ಲಿದ್ದ ಸಹಪಾಠಿ ರಕ್ಷಿತ್‌ನನ್ನು ನೋಡಿ ಸುಮ್ಮನಾದಳು. ಆಮೇಲೆ ಬಸ್ ಸ್ಟಾಪಿನಲ್ಲಿ, ಮೆಲ್ಲಗೆ —

“ನಾವು ನೀರು ಕುಡಿಯುದೇ ಇಲ್ಲ ಅಕ್ಕ. ಬೆಳಿಗ್ಗೆ ಮನೆ ಬಿಟ್ರೆ ಸಂಜೆ ಬರುವವರೆಗೆ. ಕುಡಿದ್ರೆ ಮತ್ತೆ ಹೋಗ್ಬೇಕಾಗ್ತದಲ್ಲ.”

“ಕಾಲೇಜಲ್ಲಿ ಟಾಯ್ಲೆಟ್ ಇಲ್ವಾ?”

“ಉಂಟು. ಬೀಗ ಹಾಕಿ ಉಂಟು. ಕೀ ಸ್ಟಾಫ್ ರೂಮಲ್ಲಿ. ಸರ್‌ಗಳೆಲ್ಲ ಕೂತಿರುವಾಗ ಹೋಗಿ ಕೇಳ್ಬೇಕು. ಯಾರು ಕೇಳ್ತಾರೆ?”

ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ ಹೊಳೆಯಿತು. ಫೀಲ್ಡ್ ಇದ್ದ ದಿನ ನಾನೂ ಕುಡಿಯುವುದಿಲ್ಲ. ಸಂಜೆಯ ಈ ತಲೆನೋವಿಗೆ ಸೆಕೆ ಕಾರಣ ಎಂದುಕೊಂಡಿದ್ದೆ.

ಜೂನ್ 23

ಮುರಳಿಕೃಷ್ಣ ಸರ್‌ಗೆ ಹೇಳಿದೆ. ಪ್ರಾಜೆಕ್ಟ್ ಹೆಡ್. ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

“ಅದು ನಮ್ಮ ಸ್ಟಡಿಯಲ್ಲಿ ಇಲ್ಲ ಮಾರಾಯ್ತಿ. ಹಿಮೋಗ್ಲೋಬಿನ್ ಉಂಟು, ಅಷ್ಟೇ.”

“ವಿಷಯ ಮಕ್ಕಳೇ ಆರಿಸ್ಬೇಕು ಅಂತ ನೀವೇ ಬರೆದದ್ದು ಸರ್.”

“ಆರಿಸ್ಲಿ. ರಿಪೋರ್ಟಿಗೆ ಹಾಕುದು ಬೇಡ.”

ಅದನ್ನೇ ಒಪ್ಪಿಗೆ ಎಂದುಕೊಂಡೆ.

ಜುಲೈ 4

ಪ್ರಣೀತಾ ಮತ್ತು ಜೊತೆಯ ಹುಡುಗಿಯರು ಬಸ್ಸಿನಲ್ಲೇ ಸರ್ವೆ ಮಾಡುತ್ತಿದ್ದಾರೆ. ಹೆಸರು ಬರೆಯುವುದಿಲ್ಲ. ಎರಡೇ ಪ್ರಶ್ನೆ — ಇವತ್ತು ಯಾವಾಗ ನೀರು ಕುಡಿದೆ? ಮೂತ್ರಕ್ಕೆ ಹೋಗುವಾಗ ಉರಿ ಉಂಟಾ? ಕೇಳಿದವರೆಲ್ಲ ಹೇಳುತ್ತಾರಂತೆ. ಕೆಲವರು ಇಳಿಯುವ ಸ್ಟಾಪ್ ದಾಟಿದರೂ ಹೇಳುತ್ತಲೇ ಇರುತ್ತಾರಂತೆ.

ರಕ್ಷಿತ್‌ಗೆ ಬೇಸರ. “ನಾನು ಎಂತ ಮಾಡುದು? ನನ್ನಲ್ಲಿ ಯಾರೂ ಹೇಳುದಿಲ್ಲ.”

“ನೀನು ಹೋಗಿ ಕೀ ಕೇಳು,” ಅಂದಳಂತೆ ಪ್ರಣೀತಾ.

ತಮಾಷೆಗೆ ಹೇಳಿದ್ದು. ಅವನು ನಿಜವಾಗಿ ಹೋದ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹುಡುಗಿಯರ ಟಾಯ್ಲೆಟ್ಟಿನ ಕೀ ಬೇಕು ಅಂದ. ಬೈಸಿಕೊಂಡು ಬಂದ. ಇವತ್ತು ನನ್ನೆದುರು ಕೂತಾಗಲೂ ಕಿವಿ ಕೆಂಪಗಿತ್ತು.

“ಒಂದು ಸಲ ಕೇಳಿದ್ದಕ್ಕೇ ನಂಗೆ ಬೆವರಿತು ಅಕ್ಕ. ಇವರು ದಿನಾ ಕೇಳ್ಬೇಕಾ?”

ಆರು ವರ್ಷದ ಟ್ರೇನಿಂಗ್‌ನಲ್ಲಿ ಯಾರಿಗೂ ಇಷ್ಟು ಕಲಿಸಿರಲಿಲ್ಲ ನಾನು.

ಜುಲೈ 19

ಬರೆಯಲು ಆಗಿರಲಿಲ್ಲ. ಪ್ರಣೀತಾ ಆಸ್ಪತ್ರೆಯಲ್ಲಿ.

ಚಳಿಜ್ವರ ಬಂದಾಗ ಎಲ್ಲರೂ ಡೆಂಗ್ಯೂ ಎಂದುಕೊಂಡರು. ಅಲ್ಲ. ಕಿಡ್ನಿಗೆ ಇನ್‌ಫೆಕ್ಷನ್. ತುಂಬ ದಿನದಿಂದ ಉರಿ ಇತ್ತಂತೆ, ಮನೆಯಲ್ಲಿ ಹೇಳಿಲ್ಲ. ಅವಳ ಅಮ್ಮ ಶೀಲಾವತಿ ವಾರ್ಡಿನ ಹೊರಗೆ ನನ್ನ ಕೈ ಹಿಡಿದುಕೊಂಡರು.

“ನೀರಿನ ಬಾಟ್ಲಿ ತುಂಬಿಸಿ ಕೊಟ್ಟದ್ದು ಹಾಗೇ ವಾಪಸ್ ಬರ್ತಿತ್ತು ಮೇಡಂ. ಮಾತು ಕೇಳುದಿಲ್ಲ ಅಂತ ಬೈದದ್ದೇ ಬೈದದ್ದು. ಯಾಕೆ ಅಂತ ಕೇಳ್ಲಿಲ್ಲ ನಾನು.”

ಒಳಗೆ ಹೋದೆ. ಡ್ರಿಪ್ ಹಾಕಿದ ಕೈ ಎತ್ತಿ ತೋರಿಸಿದಳು. “ಅಕ್ಕ, ಈಗ ನಾನೂ ಒಂದು ಡಾಟಾ.” ನಕ್ಕಳು. ತುಟಿ ಒಡೆದಿತ್ತು.

ಉರಿ ಉಂಟಾ ಎಂದು ಬಸ್ಸಿಡೀ ಕೇಳಿದ ಹುಡುಗಿ. ಅವಳಲ್ಲಿ ಯಾರೂ ಕೇಳಲಿಲ್ಲ. ನಾನು ಕೇಳಬೇಕಿತ್ತು.

ಜುಲೈ 29

ಸರ್ ಕರೆದರು. ಪ್ರಿನ್ಸಿಪಾಲ್ ಫೋನ್ ಮಾಡಿದ್ದರಂತೆ — ನಿಮ್ಮವರು ನಮ್ಮ ಕಾಲೇಜಿನ ಮರ್ಯಾದೆ ಬಸ್ಸಲ್ಲಿ ಕಳೆಯುತ್ತಿದ್ದಾರೆ ಎಂದು. ಶನಿವಾರ ಕಾಲೇಜಿನಲ್ಲಿ ಪೋಷಕರ ಮೀಟಿಂಗ್. ನಾನು ರಕ್ತಹೀನತೆ ಬಗ್ಗೆ ಮಾತ್ರ ಮಾತಾಡಬೇಕು.

“ಅವರು ಪರ್ಮಿಶನ್ ಕ್ಯಾನ್ಸಲ್ ಮಾಡಿದ್ರೆ ಪ್ರಾಜೆಕ್ಟೇ ಇಲ್ಲ. ನಿಮ್ಮ ಕೆಲಸವೂ ಇಲ್ಲ.”

ಆಯ್ತು ಸರ್, ಎಂದೆ. ವಾದ ಮಾಡಲಿಕ್ಕೂ ಮೈಯಲ್ಲಿ ಏನಾದರೂ ಉಳಿದಿರಬೇಕು.

ಪ್ರಣೀತಾ ಮನೆಗೆ ಬಂದಿದ್ದಾಳೆ. ಶನಿವಾರ ನೀರಿನ ವಿಷಯ ಎತ್ತುವುದಿಲ್ಲ ಎಂದು ಫೋನಿನಲ್ಲಿ ತಿಳಿಸಿದೆ. ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. “ಆಯ್ತು ಅಕ್ಕ,” ಅಂದಳು, ಅಷ್ಟೇ. ನನ್ನ ಮಾತನ್ನೇ ಅವಳ ಬಾಯಲ್ಲಿ ಕೇಳಿ ನಾಚಿಕೆಯಾಯಿತು.

ಆಗಸ್ಟ್ 2, ಸಂಜೆ

ಆದದ್ದು ಆದ ಹಾಗೇ ಬರೆಯುತ್ತೇನೆ.

ಹಾಲ್ ತುಂಬ ಅಪ್ಪ ಅಮ್ಮಂದಿರು. ಬಸಳೆ, ನುಗ್ಗೆಸೊಪ್ಪು, ಬೆಲ್ಲದ ಸ್ಲೈಡ್ ತೋರಿಸುತ್ತಿದ್ದೆ. ನಡುವಿನ ಸಾಲಿನಲ್ಲಿ ಪ್ರಣೀತಾಳ ಪಕ್ಕ ಕೂತಿದ್ದ ಶೀಲಾವತಿ ಎದ್ದು ನಿಂತರು.

“ಸರ್, ಟಾಯ್ಲೆಟ್ಟಿಗೆ ಹೋಗ್ಬೇಕಿತ್ತು. ಬೀಗ ಉಂಟು. ಕೀ ಕೊಡಿ.”

ಹಿಂದಿನಿಂದ ಕೆಲವು ಗಂಡಸರು ನಕ್ಕರು. ಪ್ರಿನ್ಸಿಪಾಲ್ ವಾಚ್ ನೋಡಿದರು. “ಸ್ವಲ್ಪ ತಡೀರಿ ಅಮ್ಮ, ಮೀಟಿಂಗ್ ಮುಗೀಲಿ.”

“ತಡೀಲಿಕ್ಕೆ ಆಗುದಿಲ್ಲ ಸರ್. ನನ್ನ ಮಗಳು ತಡೆದು ತಡೆದೇ ಆಸ್ಪತ್ರೆ ಸೇರಿದ್ದು.”

ನಗು ನಿಂತಿತು. ಗೋಡೆ ಪಕ್ಕದಲ್ಲಿ ಬುರ್ಖಾ ತೊಟ್ಟ ಒಬ್ಬರು ಎದ್ದರು. “ನಂಗೂ ಹೋಗ್ಬೇಕು.” ಆಮೇಲೆ ಒಬ್ಬ ಅಜ್ಜಿ. ಆಮೇಲೆ ಒಂದು ಸಾಲಿಗೆ ಸಾಲೇ. ಅಟೆಂಡರ್ ಸೀನ ಕೀ ಗೊಂಚಲು ಹಿಡಿದು ಓಡಿದ. ಒಂದೊಂದೇ ಹಾಕಿ ನೋಡಿದ. ಸರಿಯಾದದ್ದು ಯಾವುದೆಂದು ಅವನಿಗೂ ಗೊತ್ತಿರಲಿಲ್ಲ. ಹೆಂಗಸರು ವರಾಂಡದಲ್ಲಿ ನಿಂತೇ ಇದ್ದರು. ಎಲ್ಲರೂ ನೋಡುತ್ತಿದ್ದರು.

ಮುಂದಿನ ಸಾಲಿನಲ್ಲಿ ಮುರಳಿಕೃಷ್ಣ ಸರ್. ಬೇಡ ಎಂದು ನನಗೆ ತಲೆ ಅಲ್ಲಾಡಿಸಿದರು.

ಪ್ರೊಜೆಕ್ಟರ್ ಆಫ್ ಮಾಡಿದೆ. “ಈ ವಿಷಯದಲ್ಲಿ ಸಂಶೋಧನೆ ಆಗಿದೆ. ಮಾಡಿದವರು ನಿಮ್ಮ ಮಕ್ಕಳು. ಅವರೇ ಹೇಳ್ತಾರೆ.” ಮೈಕ್ ಪ್ರಣೀತಾಳ ಕೈಗೆ ಕೊಟ್ಟೆ.

ಅವಳಿಗೆ ನಿಲ್ಲಲು ಶಕ್ತಿ ಇರಲಿಲ್ಲ, ರಕ್ಷಿತ್ ಕುರ್ಚಿ ತಂದ. ಕೂತೇ ಹೇಳಿದಳು. ಬಸ್ಸಿನಲ್ಲಿ ಕೇಳಿದ್ದು, ಎಷ್ಟು ಜನರಿಗೆ ಉರಿ, ಎಷ್ಟು ಜನ ಮನೆಯಲ್ಲಿ ಹೇಳಿಲ್ಲ. ಯಾರ ಹೆಸರೂ ಎತ್ತಲಿಲ್ಲ. ತನ್ನದು ಮಾತ್ರ ಹೇಳಿದಳು.

ಮುಗಿದಾಗ ಚಪ್ಪಾಳೆ ಇಲ್ಲ. ಯಾರದೋ ಅಪ್ಪ, ನಕ್ಕವರಲ್ಲೇ ಒಬ್ಬರು, ಎದ್ದು ಕೇಳಿದರು — “ಆ ಬೀಗ ಯಾಕೆ ಹಾಕುದು ಸರ್?”

ಪ್ರಿನ್ಸಿಪಾಲ್ ಮತ್ತೆ ವಾಚ್ ನೋಡಿದರು.

ಆಗಸ್ಟ್ 12, ಮನೆಯಲ್ಲಿ

ಬೀಗ ತೆಗೆದಿದ್ದಾರೆ. ಒಂದರಲ್ಲಿ ನೀರು ಬರುತ್ತದೆ, ಇನ್ನೊಂದರಲ್ಲಿ ಇಲ್ಲ. ನನ್ನ ಪ್ರಾಜೆಕ್ಟ್ ‘ರಿವ್ಯೂ’ನಲ್ಲಿ ಉಂಟಂತೆ. ಸರ್ ಮಾತಾಡುತ್ತಿಲ್ಲ. ಬೇರೆ ಕೆಲಸ ಹುಡುಕಬೇಕೇನೋ. ಹುಡುಕಲಿಕ್ಕೂ ಸುಸ್ತು.

ಇವತ್ತು ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಪ್ರಣೀತಾಳ ಫೋನ್. “ಅಕ್ಕ, ರಕ್ಷಿತ್‌ಗೆ ಎಂತದೋ ಹೇಳ್ಲಿಕ್ಕುಂಟಂತೆ.”

ನಾಳೆ ಮಾತಾಡುವ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವನ ಉಸಿರು ಕೇಳಿಸಿತು.

“ಅಕ್ಕ, ಹುಡುಗರದ್ದೂ ಒಂದು ಉಂಟು. ನಮ್ಮಲ್ಲಿ ಯಾರೂ ಕೇಳುದಿಲ್ಲ.”

ನನ್ನ ಬಸ್ ಬಂತು. ಕಂಡಕ್ಟರ್ ಎರಡು ಸಲ ಕರೆದ. ಹತ್ತಲಿಲ್ಲ. ಬೆಂಚಿನಲ್ಲಿ ಕೂತೆ.

ಹೇಳು, ಎಂದೆ.

“ನನ್ನ ಅಣ್ಣ ಇದ್ದಾನಲ್ಲ ಅಕ್ಕ. ಎರಡು ತಿಂಗಳಿಂದ ಕೋಣೆಯಿಂದ ಹೊರಗೆ ಬರುದಿಲ್ಲ. ಮನೆಯಲ್ಲಿ ಉದಾಸೀನ, ಸೋಮಾರಿತನ ಅಂತಾರೆ. ನಂಗೆ ಹಾಗೆ ಅನಿಸುದಿಲ್ಲ.”

ತುಂಬ ಹೊತ್ತು ಹೇಳಿದ. ಉಳಿದದ್ದನ್ನು ಅವನಲ್ಲಿ ಕೇಳದೆ ಇಲ್ಲಿ ಬರೆಯುವುದಿಲ್ಲ.